ಅಘನಾಶಿನಿಯಲ್ಲಿ ಕಯಾಕ್: ಹೊರಡುವ ಮುಂಚೆ ಭರತಿ-ಇಳಿತ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾರಾಂತ್ಯದ ಪುಟದಲ್ಲಿ ಅಘನಾಶಿನಿ ನದಿಯ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರುದೋಣಿ) ಪ್ರವಾಸದ ಬಗ್ಗೆ ಬಂದ ಬರಹ ಓದಿದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹಳದಿ ಕಯಾಕ್ ಸಾಗುವ ಫೋಟೊ ಚೆನ್ನಾಗಿತ್ತು. ಎಲ್ಲಿ ಉಳಿಯಬೇಕು, ಏನು ತಿನ್ನಬೇಕು, ಕುಮಟಾ ಸ್ಟೇಷನ್ನಿನಿಂದ ಹೇಗೆ ಬರಬೇಕು, ಎಲ್ಲ ಇತ್ತು. ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬ ಒಂದು ಸಾಲು ಮಾತ್ರ ಇರಲಿಲ್ಲ. ಸಮಯ ಎಂಬಲ್ಲಿ ಬೆಳಗ್ಗೆ 9ರಿಂದ ಸಂಜೆ 5 ಎಂದಿತ್ತು. ಅದನ್ನು ನೋಡಿ ಸುಮ್ಮನಿರಲು ಆಗಲಿಲ್ಲ.

ನಾನು ಹೆಗಡೆ ಊರಿನವಳು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನಮ್ಮ ಅಪ್ಪ ಈ ನದಿಯ ತಾರಿಯಲ್ಲಿ ದೋಣಿ ದಾಟಿಸುತ್ತಿದ್ದರು. ಈಗ ತಮ್ಮನ ಮಗ ನಾಲ್ಕು ಕಯಾಕ್ ಇಟ್ಟುಕೊಂಡು ಪ್ರವಾಸಿಗರನ್ನು ಕರೆದೊಯ್ಯುತ್ತಾನೆ. ಬುಕಿಂಗ್ ಬಂದ ಕೂಡಲೇ ಅವನು ನನಗೆ ಫೋನ್ ಮಾಡುತ್ತಾನೆ. "ಅತ್ತೆ, ಮುಂದಿನ ಶನಿವಾರ ನೀರು ಹೇಗೆ?" ನಾನು ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ ಹೇಳುತ್ತೇನೆ. ಅವನು ಮೊಬೈಲಿನಲ್ಲಿ ಕಾರವಾರ ಬಂದರಿನ ಸಮಯವನ್ನೂ ನೋಡಿಕೊಳ್ಳುತ್ತಾನೆ. ಎರಡೂ ಹೊಂದಿದರೆ ಮಾತ್ರ ಬಂದವರಿಗೆ ಹೂಂ ಅನ್ನುತ್ತಾನೆ. ಕೆಲವು ಶನಿವಾರ ಬೇಡವೇ ಬೇಡ ಅನ್ನುತ್ತಾನೆ. ದುಡ್ಡು ಹೋಗುತ್ತದೆ, ಹೋಗಲಿ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತಿ, ಅಂದರೆ ಉಬ್ಬರ, ಎರಡು ಸಲ ಇಳಿತ. ಭರತಿಯಿಂದ ಇಳಿತಕ್ಕೆ ಆರು ತಾಸಿನ ಮೇಲೆ ಸ್ವಲ್ಪ. ದಿನದಿಂದ ದಿನಕ್ಕೆ ಇದು ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು, ನದಿ ಸಮುದ್ರ ಸೇರುವ ಅಳಿವೆ ಬಾಗಿಲಲ್ಲಿ ಭರತಿ ಬರುವುದು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಹನ್ನೊಂದರ ಸುಮಾರಿಗೆ. ಹಾಗಾದರೆ ನೀರು ಪೂರ್ತಿ ಇಳಿಯುವುದು ಸಂಜೆ ಐದಕ್ಕೆ. ಅಷ್ಟಮಿ ಹೊತ್ತಿಗೆ ಇದು ಉಲ್ಟಾ. ಬೆಳಗ್ಗೆ ಇಳಿತ, ಸಂಜೆ ಭರತಿ. ನದಿಯ ಒಳಗೆ ದೀವಗಿ ಊರಿನ ಕಡೆ ಹೋದ ಹಾಗೆ ಈ ಹೊತ್ತು ಇನ್ನೂ ತಡವಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಒಂದೂವರೆ ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರುವುದುಂಟು. ಇಷ್ಟು ಅಗಲದ ಅಳಿವೆಯಲ್ಲಿ ಅಷ್ಟು ನೀರು ಇಳಿದರೆ ಬೆಳಗ್ಗೆ ನದಿಯಾಗಿದ್ದ ಜಾಗ ಸಂಜೆ ಮೈಲುಗಟ್ಟಲೆ ಕೆಸರಾಗಿರುತ್ತದೆ.

ಕಳೆದ ಡಿಸೆಂಬರಿನಲ್ಲಿ ನಮ್ಮ ಕಣ್ಣೆದುರೇ ಆಗಿದ್ದು ಹೇಳುತ್ತೇನೆ. ಅಮಾವಾಸ್ಯೆಯ ದಿನ. ಬೆಂಗಳೂರಿನಿಂದ ಬಂದ ಒಂದು ಕುಟುಂಬವನ್ನು ಯಾರೋ ಮಧ್ಯಾಹ್ನ ಮೂರಕ್ಕೆ ನದಿಗೆ ಇಳಿಸಿದ್ದರು. ಸೂರ್ಯಾಸ್ತ ತೋರಿಸುವುದು ಅವರ ಲೆಕ್ಕ. ನೀರು ಅದಾಗಲೇ ನಾಲ್ಕು ತಾಸಿನಿಂದ ಇಳಿಯುತ್ತಿತ್ತು. ಮಾಸೂರಕುರ್ವೆ ನಡುಗಡ್ಡೆಯ ಹತ್ತಿರದ ಒಂದು ಕಿರುಗಾಲುವೆಗೆ ಹೊಕ್ಕವರು ಹಿಂದೆ ಬರುವಷ್ಟರಲ್ಲಿ ಕಾಲುವೆಯ ಬಾಯಿ ಒಣಗಿತ್ತು. ಒಬ್ಬರು ಇಳಿದು ಕಯಾಕ್ ಎಳೆಯಲು ನೋಡಿದರು. ಮೊಣಕಾಲ ತನಕ ಹೂತುಹೋದರು. ಚಪ್ಪಲಿ ಇವತ್ತಿಗೂ ಅಲ್ಲೇ ಇದೆ. ಆರೇಳು ವರ್ಷದ ಮಗು ಅಳುತ್ತಿತ್ತು. ಕತ್ತಲಾಯಿತು, ಸೊಳ್ಳೆ ಬಂತು. ಅಂಥ ಕೆಸರಿನಲ್ಲಿ ಯಾರೂ ಯಾರನ್ನೂ ಎತ್ತಿ ತರಲು ಆಗುವುದಿಲ್ಲ. ನಮ್ಮ ಪಕ್ಕದ ಮನೆಯವರು ಪಾತಿ ದೋಣಿಯಲ್ಲಿ ನೀರಿರುವ ತನಕ ಹೋಗಿ, ಟಾರ್ಚ್ ಹಿಡಿದು, ಕೂಗಿ ಧೈರ್ಯ ಹೇಳುತ್ತಾ ಕೂತರು. ಮತ್ತೆ ನೀರೇರಿ ಕಯಾಕ್ ತೇಲಿದ್ದು ಎಂಟರ ಹೊತ್ತಿಗೆ. ಅದೇ ಕುಟುಂಬ ಅವತ್ತು ಬೆಳಗ್ಗೆ ಎಂಟಕ್ಕೆ ಇಳಿದಿದ್ದರೆ ಅದೇ ಕಾಲುವೆಯಲ್ಲಿ ನಗುತ್ತಾ ಹೋಗಿ ನಗುತ್ತಾ ಬರುತ್ತಿದ್ದರು.

ಹಾಗಾದರೆ ಒಂದು ದಿನದ ಪ್ರವಾಸಕ್ಕೆ ಯಾವ ದಿನ ಒಳ್ಳೆಯದು? ನಾನು ಹೇಳುವುದು ಹುಣ್ಣಿಮೆಗೋ ಅಮಾವಾಸ್ಯೆಗೋ ಎರಡು ದಿನ ಮುಂಚೆ, ಅಂದರೆ ತ್ರಯೋದಶಿ ಆಸುಪಾಸು. ಆಗ ಅಳಿವೆಯಲ್ಲಿ ಭರತಿ ಒಂಬತ್ತೂವರೆ ಸುಮಾರಿಗೆ ಬರುತ್ತದೆ, ಒಳಗೆ ಹತ್ತು ಹತ್ತೂವರೆಗೆ. ಬೆಳಕು ಹರಿಯುತ್ತಿದ್ದಂತೆ ಆರೂವರೆ, ಏಳಕ್ಕೆ ಹೆಗಡೆ ದಡದಿಂದ ಹೊರಟರೆ ಏರುವ ನೀರೇ ನಿಮ್ಮನ್ನು ಮೂಡಣಕ್ಕೆ ಒಯ್ಯುತ್ತದೆ. ಹೊಸಬರು ನಿಂತ ನೀರಿನಲ್ಲಿ ತಾಸಿಗೆ ನಾಲ್ಕು ಕಿಲೋಮೀಟರ್ ಹೋದರೆ ದೊಡ್ಡದು. ನೀರಿನ ಜೊತೆ ಹೋದರೆ ತೋಳಿಗೆ ಅರ್ಧ ಕೆಲಸ. ಮೇಲೆ ದಡದಲ್ಲಿ ಕೂತು ತಿಂಡಿ ತಿಂದು, ನೀರು ತಿರುಗಿದ ಮೇಲೆ ಅದರ ಜೊತೆಗೇ ಕೆಳಗೆ ಬರುವುದು. ಮಧ್ಯಾಹ್ನ ಹನ್ನೆರಡೂವರೆಯೊಳಗೆ ದಡ ಸೇರಿಬಿಡಬೇಕು.

ಯಾಕೆ ಹನ್ನೆರಡೂವರೆ ಅಂದರೆ ಪಡುಗಾಳಿ. ಡಿಸೆಂಬರಿನಿಂದ ಏಪ್ರಿಲ್ ತನಕ ಬೆಳಗ್ಗೆ ನದಿ ಕನ್ನಡಿ ಇದ್ದ ಹಾಗೆ ಇರುತ್ತದೆ. ನೆಲ ಕಾದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಏಳುತ್ತದೆ. ನೀರು ಪಡುವಣಕ್ಕೆ ಇಳಿಯುತ್ತಿರುತ್ತದೆ, ಗಾಳಿ ಎದುರಿನಿಂದ ಬೀಸುತ್ತದೆ. ಎರಡೂ ಗುದ್ದಾಡುವಾಗ ನೀರು ಸಣ್ಣ ಸಣ್ಣ ಅಲೆಯಾಗಿ ಎದ್ದು ಕಯಾಕಿನ ಮೂತಿಗೆ ಬಡಿಯುತ್ತದೆ. ಸುಸ್ತಾದ ಹೊಸಬರು ಮಗುಚಿಕೊಳ್ಳುವುದು ಆಗಲೇ. ಅಪ್ಪ ಕೂಡ ಮಧ್ಯಾಹ್ನದ ಮೇಲೆ ತಾರಿ ದಾಟಿಸುವಾಗ ದೋಣಿಯನ್ನು ನೇರ ಬಿಡುತ್ತಿರಲಿಲ್ಲ. ದಡದ ಮರೆಯಲ್ಲೇ ಸ್ವಲ್ಪ ಮೇಲಕ್ಕೆ ಹೋಗಿ ಆಮೇಲೆ ಅಡ್ಡ ಹಾಯಿಸುತ್ತಿದ್ದರು. ಇವತ್ತು ತಮ್ಮನ ಮಗನೂ ಹಾಗೇ ಮಾಡುತ್ತಾನೆ.

ದಾರಿಯಲ್ಲಿ ನೋಡುವುದು ಎಷ್ಟಿದೆ! ಶರಾವತಿ, ಕಾಳಿ ನದಿಗಳಿಗೆ ಇರುವಂಥ ದೊಡ್ಡ ಅಣೆಕಟ್ಟು ಅಘನಾಶಿನಿಗೆ ಇಲ್ಲ. ಶಿರಸಿ ಕಡೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಘಟ್ಟ ಇಳಿದು ತನ್ನ ಪಾಡಿಗೆ ತಾನು ಬಂದು ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಸಮುದ್ರ ಸೇರುತ್ತದೆ. ಉತ್ತರದ ದಡದ ಕಡೆ ಮಿರ್ಜಾನ್ ಕೋಟೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಸೇರಿಕೊಂಡ ಕೆಂಪು ಕಲ್ಲಿನ ಕೋಟೆ ಅದು. ಕಾಳುಮೆಣಸು ಈ ನೀರಿನ ಮೇಲೇ ಹಡಗಿಗೆ ಹೋಗುತ್ತಿತ್ತು. ದೀವಗಿಯ ಹತ್ತಿರ ಹೆದ್ದಾರಿಯ ಸೇತುವೆ ದಾಟಿದ ಮೇಲೆ ಲಾರಿಗಳ ಸದ್ದು ಹಿಂದೆ ಉಳಿಯುತ್ತದೆ. ನದಿ ಕಿರಿದಾಗುತ್ತದೆ. ಎರಡೂ ಕಡೆ ತೆಂಗು, ಅಡಿಕೆ, ಅದರ ಹಿಂದೆ ಗುಡ್ಡ. ಉಬ್ಬರದ ನೀರು ಉಪ್ಪಿನಪಟ್ಟಣದ ಕಡೆಯವರೆಗೂ ಹೋಗುತ್ತದೆ. ಆದರೆ ಹೊಸಬರು ಅಷ್ಟು ದೂರ ಹೋಗಬೇಕಿಲ್ಲ. ಅಲ್ಲಿಂದಾಚೆ ಬೇಸಗೆಯಲ್ಲಿ ಬರೀ ಕಲ್ಲು.

ಕಾಂಡ್ಲಾ ಕಾಡಿನೊಳಗೆ ಹೋಗುವವರು ಅವಸರ ಮಾಡಬೇಡಿ. ಹುಟ್ಟು ಎತ್ತಿ ಮಡಿಲಲ್ಲಿಟ್ಟುಕೊಂಡು ಸುಮ್ನೆ ಕೂತುಕೊಳ್ಳಿ. ಕಾಂಡ್ಲಾ ಗಿಡದ ಮೊಳಕೆ ತಾಯಿಗಿಡದಲ್ಲೇ ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ನೇತಾಡುತ್ತಿರುತ್ತದೆ. ಮೊದಲ ಎಲೆಯ ಮೊಗ್ಗು ಆಗಲೇ ತಲೆಯಲ್ಲಿ ಸಿದ್ಧವಾಗಿರುತ್ತದೆ. ಕಳಚಿ ಬಿದ್ದರೆ ಕೆಸರಿನಲ್ಲಿ ನಾಟಿಕೊಂಡರೂ ನಾಟಿಕೊಂಡೀತು, ಇಲ್ಲವೇ ತೇಲಿ ಬೇರೆ ದಡಕ್ಕೆ ಹೋಗಿ ಬೇರು ಬಿಟ್ಟೀತು. ಇಳಿತದಲ್ಲಿ ಉಪ್ಪಟ್ಟಿ ಗಿಡದ ಉಸಿರಾಟದ ಬೇರುಗಳು ಕೆಸರಿನಿಂದ ಸಾಲಾಗಿ ಮೇಲೆದ್ದು ಕಾಣುತ್ತವೆ. ನಾನು ಮಕ್ಕಳಿಗೆ ಪಾಠ ಮಾಡುವಾಗ ಈ ಬೇರಿನ ಚಿತ್ರವನ್ನು ಬೋರ್ಡಿನ ಮೇಲೆ ಬಿಡಿಸುತ್ತಿದ್ದೆ. ಕಯಾಕಿನಲ್ಲಿ ಕೂತರೆ ಅವು ಕಣ್ಣಿನ ಮಟ್ಟಕ್ಕೇ ಇರುತ್ತವೆ, ಅದರ ಬುಡದಲ್ಲಿ ಓಡಾಡುವ ಏಡಿಯ ಸದ್ದು ಕೂಡ ಕೇಳುತ್ತದೆ. ಕೊಂಬೆ ಹಿಡಿದು ಜಗ್ಗಬೇಡಿ, ಮೊಳಕೆ ಕಿತ್ತು ಫೋಟೊ ತೆಗೆಯಬೇಡಿ. ಗರುಡ, ಮಿಂಚುಳ್ಳಿ, ಬೆಳ್ಳಕ್ಕಿ ಯಾವಾಗಲೂ ಇರುತ್ತವೆ. ಚಳಿಗಾಲದಲ್ಲಿ ದೂರದಿಂದ ಬಂದ ಹಕ್ಕಿಗಳೂ ಕೆಸರು ದಿಬ್ಬದ ಮೇಲೆ ಮೇಯುತ್ತಿರುತ್ತವೆ. ಸ್ಪೀಕರ್ ಹಾಕಿಕೊಂಡು ಬಂದವರಿಗೆ ಇದರಲ್ಲಿ ಒಂದೂ ಸಿಗುವುದಿಲ್ಲ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ವಿಷಯ.

ಇಳಿತದ ಹೊತ್ತು ಪ್ರವಾಸಿಗರಿಗೆ ಬೇಡವಾದ ಹೊತ್ತು. ಆದರೆ ನಮ್ಮೂರಿನ ಎಷ್ಟೋ ಮನೆಗಳಿಗೆ ಅದೇ ದುಡಿಮೆಯ ಹೊತ್ತು. ಬಳಚು, ಅಂದರೆ ಕೆಸರಿನಲ್ಲಿ ಸಿಗುವ ಚಿಪ್ಪುಮೀನು, ಹೆಕ್ಕುವುದು ಆಗಲೇ. ಹೆಂಗಸರು ಸೊಂಟ ಮಟ್ಟದ ನೀರಿನಲ್ಲಿ ನಿಲ್ಲುತ್ತಾರೆ. ಅಲ್ಯುಮಿನಿಯಂ ಪಾತ್ರೆಯನ್ನು ಹಗ್ಗದಿಂದ ಸೊಂಟಕ್ಕೆ ಕಟ್ಟಿ ಪಕ್ಕದಲ್ಲಿ ತೇಲಿಬಿಡುತ್ತಾರೆ. ಬರಿಗಾಲಿನ ಹಿಮ್ಮಡಿ ಮತ್ತು ಬೆರಳಿನಿಂದ ಕೆಸರನ್ನು ತಡಕುತ್ತಾ ಹೋಗುತ್ತಾರೆ. ಕಾಲಿಗೆ ಗಟ್ಟಿ ಸಿಕ್ಕಿದರೆ ಬಗ್ಗಿ, ಕೆನ್ನೆ ನೀರಿಗೆ ತಾಗುವಷ್ಟು ಬಗ್ಗಿ, ಕೈಯಲ್ಲಿ ಎತ್ತುತ್ತಾರೆ. ಸಣ್ಣದಾಗಿದ್ದರೆ ಅಲ್ಲೇ ಬಿಡುತ್ತಾರೆ. ಕಣ್ಣಿಗೆ ಕಾಣುವ ಕೆಲಸ ಅಲ್ಲ ಅದು, ಪೂರ್ತಿ ಕಾಲಿನ ಮೇಲೆ ನಡೆಯುವ ಕೆಲಸ. ಕೆಸರಿನಲ್ಲಿ ಚಪ್ಪಲಿ, ಬೂಟು ಹಾಕಿದರೆ ಏನೂ ಗೊತ್ತಾಗುವುದಿಲ್ಲ.

ಈಗ ಯೋಚಿಸಿ. ಕಯಾಕಿನಲ್ಲಿ ಬಂದವರು ಕುಡಿದು ಒಂದು ಗಾಜಿನ ಬಾಟಲಿ ನೀರಿಗೆ ಬಿಟ್ಟರೆ ಅದು ಎಲ್ಲಿಗೆ ಹೋಗುತ್ತದೆ? ನೀರು ತುಂಬಿಕೊಂಡ ಬಾಟಲಿ ಮುಳುಗಿ ಕೆಸರಿನಲ್ಲಿ ಕೂರುತ್ತದೆ. ದೋಣಿ ತಾಗಿ, ಜಲ್ಲೆ ತಾಗಿ ಒಡೆಯುತ್ತದೆ. ಕಳೆದ ಸೀಸನ್ನಿನಲ್ಲಿ ನಮ್ಮ ಕೇರಿಯ ಒಬ್ಬರಿಗೆ ಗಾಜು ಹಿಮ್ಮಡಿಯನ್ನು ಸೀಳಿತು. ಹೊಲಿಗೆ ಹಾಕಿದರು. ಗಾಯ ಒಣಗುವ ತನಕ ಉಪ್ಪು ನೀರಿಗೆ ಇಳಿಯುವ ಹಾಗಿಲ್ಲ ಅಂದರು. ಸರಿಯಾಗಿ ಹುಣ್ಣಿಮೆಯ ದೊಡ್ಡ ಇಳಿತದ ದಿನಗಳು. ಜಾಸ್ತಿ ಬಳಚು ಸಿಗುವ ದಿನಗಳೇ ಅವು. ಅವರು ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದನ್ನು ನಾನು ನೋಡಿದ್ದೇನೆ. ಆ ದಿನಗಳ ದುಡಿಮೆ ಹೋಯಿತು. ಅದನ್ನು ಯಾರೂ ಕಟ್ಟಿಕೊಡಲಿಲ್ಲ. ಹಾಗಾಗಿ ಅಘನಾಶಿನಿಗೆ ಬರುವ ಪ್ರತಿಯೊಬ್ಬರಲ್ಲೂ ನನ್ನ ವಿನಂತಿ ಇಷ್ಟೇ. ಗಾಜು ನೀರಿಗೆ ತರಲೇಬೇಡಿ. ಕುಡಿಯುವ ನೀರನ್ನು ಸ್ಟೀಲ್ ಬಾಟಲಿಯಲ್ಲಿ ತನ್ನಿ, ಅವಲಕ್ಕಿಯನ್ನು ಡಬ್ಬಿಯಲ್ಲಿ ತನ್ನಿ. ಹೋಗುವಾಗ ಎಲ್ಲವನ್ನೂ ಒಯ್ಯಿರಿ.

ಬಳಚಿನ ದಿಬ್ಬದ ಮೇಲೆ ಕಯಾಕ್ ಎಳೆದು ನಿಲ್ಲಿಸುವುದೂ ತಪ್ಪು. ಮರಿಗಳು ಮೇಲಿನ ಪದರದಲ್ಲೇ ಇರುತ್ತವೆ. ಮಕ್ಕಳು ಆಟಕ್ಕೆ ಬಕೆಟ್ ತುಂಬ ತುಂಬಿಕೊಂಡು ಹೋಗುತ್ತಾರೆ, ದೊಡ್ಡವರು ನೋಡಿ ನಗುತ್ತಾರೆ. ಆ ಮರಿ ಬೆಳೆದಿದ್ದರೆ ಯಾರದೋ ಮನೆಯ ಅಕ್ಕಿ ಆಗುತ್ತಿತ್ತು. ಹೆಂಗಸರು ನೀರಿನಲ್ಲಿದ್ದರೆ ದೂರದಿಂದ ಸುತ್ತು ಹಾಕಿ ಹೋಗಿ. ಕೇಳದೆ ಅವರ ಫೋಟೊ ತೆಗೆಯಬೇಡಿ. ಒದ್ದೆ ಬಟ್ಟೆಯಲ್ಲಿ ದುಡಿಯುತ್ತಿರುತ್ತಾರೆ, ಅಲ್ವಾ?

ಬಲೆಯ ವಿಷಯವೂ ಹಾಗೇ. ನೀರಿನ ಮೇಲೆ ಥರ್ಮಾಕೋಲಿನ ತುಂಡೋ ಖಾಲಿ ಡಬ್ಬವೋ ಸಾಲಾಗಿ ತೇಲುತ್ತಿದ್ದರೆ ಅದನ್ನು ಕಸ ಅಂದುಕೊಳ್ಳಬೇಡಿ, ಕೆಳಗೆ ಬಲೆ ಇದೆ. ಹುಟ್ಟಿಗೆ ಸಿಕ್ಕಿಕೊಂಡರೆ ಬಿಡಿಸಿ, ಕತ್ತರಿಸಬೇಡಿ.

ಗಜನಿ ಗದ್ದೆಯ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಕಡಿಮೆ. ಮಾಣಿಕಟ್ಟೆ ಕಡೆ ಹೋದರೆ ನದಿಗೂ ಗದ್ದೆಗೂ ನಡುವೆ ಮಣ್ಣಿನ ಒಡ್ಡು ಕಾಣುತ್ತದೆ. ಮಳೆಗಾಲದಲ್ಲಿ ಒಳಗೆ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪು ತಡೆಯುವ, ನೆರೆ ಬಂದರೂ ತಲೆಯೆತ್ತಿ ನಿಲ್ಲುವ ಹಳೆಯ ತಳಿ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪು ನೀರು ಬಿಟ್ಟು ಮೀನು, ಸೀಗಡಿ ಹಿಡಿಯುತ್ತಾರೆ. ಒಡ್ಡು ನೋಡಲು ದಡದ ಹಾಗೇ ಕಾಣುತ್ತದೆ. ಕಯಾಕ್ ಹತ್ತಿಸಿ ಇಳಿಯಲು ಅನುಕೂಲ ಅನ್ನಿಸುತ್ತದೆ. ನಾಲ್ಕು ಜನ ಒಂದೇ ಜಾಗದಲ್ಲಿ ಹತ್ತಿಳಿದರೆ ಮಣ್ಣು ಜಾರುತ್ತದೆ. ಅಲ್ಲಿ ಬಿರುಕು ಬಿಟ್ಟರೆ ಮುಂದಿನ ದೊಡ್ಡ ಭರತಿಗೆ ನೀರು ಒಳಗೆ ನುಗ್ಗುತ್ತದೆ. ದಯವಿಟ್ಟು ಊರಿನವರು ತೋರಿಸಿದ ಕಡೆ ಮಾತ್ರ ಇಳಿಯಿರಿ.

2024ರಲ್ಲಿ ಅಘನಾಶಿನಿ ಅಳಿವೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. 4,801 ಹೆಕ್ಟೇರ್. 2022ರಲ್ಲಿ ರಂಗನತಿಟ್ಟು ಸೇರಿತ್ತು, ನಮ್ಮ ಜೊತೆಗೆ ಅಂಕಸಮುದ್ರ ಮತ್ತು ಮಾಗಡಿ ಕೆರೆ ಸೇರಿದವು. ನಮಗೆಲ್ಲ ತುಂಬಾ ಸಂತೋಷವಾಯಿತು. ಆಮೇಲೆ ವಾರಾಂತ್ಯಕ್ಕೆ ಬರುವ ಕಾರುಗಳೂ ಜಾಸ್ತಿಯಾದವು. ಬರಲಿ. ನಮ್ಮ ಹುಡುಗರಿಗೆ ಊರಲ್ಲೇ ಕೆಲಸ ಸಿಕ್ಕಿದರೆ ನನಗಿಂತ ಖುಷಿಪಡುವವರು ಯಾರು? ತಮ್ಮನ ಮಗ ಮೊದಲು ಗೋವಾದಲ್ಲಿ ಹೋಟೆಲ್ ಕೆಲಸಕ್ಕೆ ಇದ್ದ. ಈಗ ಮನೆಯಲ್ಲೇ ಊಟ ಮಾಡಿ ಮಲಗುತ್ತಾನೆ. ಅದಕ್ಕೇ ಈ ಕೆಲಸ ಸರಿಯಾಗಿ ನಡೆಯಬೇಕು ಎಂಬ ಆಸೆ ನನಗೆ.

ಸುರಕ್ಷತೆಯಲ್ಲಿ ರಾಜಿ ಬೇಡ. ಈಜು ಬರಲಿ ಬಿಡಲಿ, ಲೈಫ್ ಜಾಕೆಟ್ ಹಾಕಿ ಬಕಲ್ ಕಟ್ಟಿಯೇ ಕೂರಬೇಕು. ಸೀಟಿನ ಕೆಳಗೆ ಇಟ್ಟ ಜಾಕೆಟ್ ಯಾರನ್ನೂ ಉಳಿಸುವುದಿಲ್ಲ. ಮಕ್ಕಳಿಗೆ ಮಕ್ಕಳ ಅಳತೆಯದ್ದೇ ಬೇಕು. ದೊಡ್ಡದನ್ನು ಹಾಕಿದರೆ ನೀರಿಗೆ ಬಿದ್ದಾಗ ಅದು ಮೇಲೆ ತೇಲಿ ಮಗು ಕೆಳಗೆ ಜಾರುತ್ತದೆ. ಕೊರಳಲ್ಲಿ ಒಂದು ಸೀಟಿ ಇರಲಿ. ಕುಡಿದವರನ್ನು ನೀರಿಗೆ ಇಳಿಸಬಾರದು. ತದಡಿ ಅಳಿವೆ ಬಾಗಿಲ ಕಡೆಗೆ ಕಯಾಕ್ ಹೋಗಲೇಬಾರದು. ಇಳಿತದ ಹೊತ್ತಿಗೆ ಅಲ್ಲಿ ನೀರಿನ ಸೆಳೆತ ನೇರ ಸಮುದ್ರಕ್ಕೆ. ಮೀನುಗಾರಿಕೆ ಬೋಟುಗಳು ಹೋಗಿ ಬರುವ ದಾರಿಯೂ ಅದೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಯಾಕ್ ಪೂರ್ತಿ ಬಂದ್ ಆಗಬೇಕು. ಅಣೆಕಟ್ಟಿಲ್ಲದ ನದಿ ಇದು, ಘಟ್ಟದ ಮೇಲೆ ಮಳೆ ಹೊಡೆದರೆ ಕೆಳಗೆ ನಮಗೆ ಬಿಸಿಲಿದ್ದರೂ ಕೆಂಪು ನೀರು ಬರುತ್ತದೆ.

ಪ್ರವಾಸೋದ್ಯಮ ಇಲಾಖೆಯವರಿಗೂ ನಮ್ಮ ಪಂಚಾಯಿತಿಗಳಿಗೂ ಒಂದು ಮನವಿ. ಕಯಾಕ್ ಇಳಿಸುವ ಪ್ರತಿ ದಡದಲ್ಲೂ ಒಂದು ಕಪ್ಪು ಹಲಗೆ ಹಾಕಿಸಿ. ಅವತ್ತಿನ ಭರತಿ ಎಷ್ಟಕ್ಕೆ, ಇಳಿತ ಎಷ್ಟಕ್ಕೆ, ಕೊನೆಯ ಕಯಾಕ್ ಎಷ್ಟಕ್ಕೆ ವಾಪಸ್ ಬರಬೇಕು ಎಂದು ಸೀಮೆಸುಣ್ಣದಲ್ಲಿ ಬರೆದರೆ ಸಾಕು. ದೊಡ್ಡ ಖರ್ಚಿನ ಕೆಲಸ ಅಲ್ಲ. ಬಳಚು ಹೆಕ್ಕುವ ಜಾಗ ಯಾವುದು ಎಂದು ಆ ಹೆಂಗಸರನ್ನೇ ಕೂರಿಸಿಕೊಂಡು ಕೇಳಿ, ಗೂಟ ಹೊಡೆದು ಗುರುತು ಮಾಡಿ. ದಾರಿ ಗೊತ್ತು ಮಾಡುವ ಸಭೆಗೆ ಕಯಾಕ್ ಇಟ್ಟವರನ್ನು ಮಾತ್ರ ಕರೆದರೆ ಆಗದು.

ಸಂಪಾದಕರೇ, ಇನ್ನೊಂದು ಕೇಳಿಕೆ ನಿಮಗೇ. ನೀವು ದಿನಾ ಪಂಚಾಂಗ ಹಾಕುತ್ತೀರಿ. ತಿಥಿ, ನಕ್ಷತ್ರ, ರಾಹುಕಾಲ, ಸೂರ್ಯೋದಯ ಎಲ್ಲ ಇರುತ್ತದೆ. ಅದರ ಕೆಳಗೆ ಕರಾವಳಿ ಆವೃತ್ತಿಯಲ್ಲಿ ಎರಡೇ ಸಾಲು ಸೇರಿಸಿ. ಕಾರವಾರ ಬಂದರಿನಲ್ಲಿ ಭರತಿ ಇಷ್ಟು ಗಂಟೆಗೆ, ಇಳಿತ ಇಷ್ಟು ಗಂಟೆಗೆ. ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಇದರ ಪಟ್ಟಿ ಪ್ರಕಟಿಸುತ್ತದೆ, ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯೂ ಕೊಡುತ್ತದೆ. ನಿಮ್ಮ ಪತ್ರಿಕೆ ಬೆಳಗ್ಗೆ ನಮ್ಮೂರ ಚಹಾ ಅಂಗಡಿಗೆ ಬರುತ್ತದೆ. ಮೀನುಗಾರರು, ಬಳಚಿನವರು, ಕಯಾಕ್ ಹುಡುಗರು, ಹಿಂದಿನ ರಾತ್ರಿ ಬಂದು ಉಳಿದ ಪ್ರವಾಸಿಗರು, ಎಲ್ಲರೂ ಓದುತ್ತಾರೆ. ನವೆಂಬರಿನಲ್ಲಿ ನೀರು ತಿಳಿಯಾಗಿ ಸೀಸನ್ ಶುರುವಾಗುತ್ತದೆ. ಅಷ್ಟರೊಳಗೆ ಆ ಎರಡು ಸಾಲು ಬರಲಿ.

ಇಂತಿ,
ನಿವೃತ್ತ ಶಿಕ್ಷಕಿ
ಹೆಗಡೆ, ಕುಮಟಾ ತಾಲ್ಲೂಕು